ಅತ್ತೆ

ಮೂವತ್ತೊಂದು ವರ್ಷ ಕರಡು ತಿದ್ದಿದವಳು ನಾನು,
ಅಗ್ರಹಾರದ ಅಚ್ಚುಕೂಟದಲ್ಲಿ.
ಮದುವೆ ಕಾಗದ, ಪಂಚಾಂಗ, ವೈಕುಂಠ ಸಮಾರಾಧನೆಯ ಕಾರ್ಡು;
ಊರವರ ಹೆಸರಿಗೆಲ್ಲ ಒತ್ತು ಕೊಟ್ಟು, ದೀರ್ಘ ಎಳೆದು,
ನನ್ನ ಹೆಸರು ಎಲ್ಲೂ ಅಚ್ಚಾಗದೆ
ಒಂದು ಶನಿವಾರ ಮನೆಗೆ ಬಂದೆ.

ಈಗ ಮಧ್ಯಾಹ್ನಗಳು ಖಾಲಿ.
ಬೆನ್ನು ಹರಿದ ಪುಸ್ತಕ, ಎರಡು ನಿಘಂಟು,
ನಾಲ್ಕು ಸಾವಿರ ವರ್ಷ ಹಿಂದಿನ ಒಬ್ಬ ಪೂಜಾರಿಣಿ.
ದೊರೆಯ ಮಗಳು, ಚಂದ್ರನ ಗುಡಿಯ ಒಡತಿ.
ಪದ ಕಟ್ಟಿ, ಇದು ನನ್ನದು ಎಂದು
ಹಸಿಮಣ್ಣಲ್ಲಿ ಒತ್ತಿ ಹೇಳಿದವಳು.

ಕನ್ನಡಕ್ಕೆ ತರಲು ಕೂತರೆ
ಅವಳ ಆ ‘ನಾನು’ ಎಲ್ಲಿಡುವುದೋ ತಿಳಿಯದು.
ಬಂದೆ ಅಂದರೆ ಸಾಕು ನಮ್ಮಲ್ಲಿ, ಕಂಡೆ ಅಂದರೆ ಸಾಕು;
ನಾನೆಂಬುದು ಮಾತಿನ ತುದಿಯಲ್ಲಿ
ಸೆರಗು ಹೊದ್ದು ಕೂತಿರುತ್ತದೆ.

ಮಣ್ಣು ಮುಟ್ಟದೆ ಬಗೆಹರಿಯದೆಂದು
ಕುಂಬಾರಗೇರಿಗೆ ಹೋದೆ.
ಚೆನ್ನಾಜಮ್ಮ ಸಿಂಹಗಳಿಗೆ ಬಾಲ ಮೆತ್ತುತ್ತಿದ್ದರು.
ಅಂಗೈಯಗಲ ಮಣ್ಣು ಕೊಡಿ, ಬರೆಯಬೇಕು.
“ಯಾಕವ್ವ, ನಿಮ್ಮನೇಲಿ ಪೇಪರ್ ಇಲ್ವಾ?”

ಹೇಳಿದೆ.
ಅವಳ ದೇವಿಯೂ ಸಿಂಹದ ಮೇಲೆ ಕೂರುವವಳು ಎಂದಾಗ
ಒಂದು ಸಿಂಹದ ಮೂತಿ ಒರೆಸಿ ನೋಡಿದರು.
ಅಪ್ಪ ಸತ್ತ ಮೇಲೆ ಊರು ತಿರುಗಿಬಿತ್ತು,
ಗುಡಿಯಿಂದ ಅಟ್ಟಿದರು, ಮುಳ್ಳುಕಂಟಿಯ ಪಾಲು.
“ಆಮೇಕೆ?”
ನನ್ನ ನೋಟ್ ಪುಸ್ತಕ ತೆಗೆದು ಓದಿದೆ:
ಬಾಗಿಲು ಮುಚ್ಚಿತು. ಕತ್ತಲಾಯಿತು. ಅತ್ತೆ.

ಮೆತ್ತುವ ಕೈ ನಿಂತಿತು.
“ಅವ್ಳ ಅತ್ತೆ ಏನ್ ಮಾಡುದ್ಲು?”

ನಕ್ಕೆವು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು,
ನಗು ಮುಗಿದ ಮೇಲೂ ಅದು ನಿಲ್ಲಲಿಲ್ಲ.
ಅವರು ಹೇಳಲಿಲ್ಲ.
ನಾನು ಕೇಳಲಿಲ್ಲ.

“ಹೆಸ್ರೇನವ್ವ ಅವ್ಳದು?”
ಉದ್ದದ್ದು. ಪಟ್ಟಕ್ಕೆ ಕೂತಾಗ ಬಂದದ್ದು.
ಹೆತ್ತವಳು ಕರೆದ ಹೆಸರು ಸಿಕ್ಕಿಲ್ಲ.
“ಹಂಗಾರೆ ಹೆಸ್ರೇ ಸಿಕ್ಕಿಲ್ಲ ಅನ್ನು.
ನನ್ನೂ ರೇಷನ್ ಕಾರ್ಡಲ್ಲಿ ಚಿನ್ನರಾಜಮ್ಮ ಮಾಡವ್ರೆ ಕಣವ್ವ,
ತಿದ್ದುಸ್ಕೊಡ್ತೀಯಾ?”

ಜೊಂಡಿನ ಕಡ್ಡಿಯ ತುದಿಯನ್ನು ಓರೆಯಾಗಿ ಕೊಯ್ದೆ.
ಅವಳ ಲಿಪಿ ಗುಬ್ಬಿ ಕಾಲಿನ ಗುರುತು, ಒತ್ತಿದರೆ ಬಂತು.
ನಮ್ಮದು ದುಂಡು.
ಓಲೆಗರಿ ಸೀಳದಿರಲೆಂದು ಬಳುಕಲು ಕಲಿತದ್ದು
ಮಣ್ಣಿನ ಮೇಲೆ ತೆವಳುತ್ತದೆ;
ಕಡ್ಡಿಯ ಹಿಂದೆ ನೇಗಿಲ ಸಾಲಿನ ಹಾಗೆ
ಎರಡೂ ಬದಿಗೆ ಕೆಸರು ಏಳುತ್ತದೆ.
ಇಳಿಹೊತ್ತಿಗೆ ಒಂದೇ ಪದ ಮೂಡಿತ್ತು.

“ಹಸಿಮಣ್ಣು ಇಷ್ಟ್ ಕಾಲ ಹೆಂಗುಳೀತು?”
ದಂಡು ಬಂದು ಬೆಂಕಿಯಿಟ್ಟಾಗ ಉಗ್ರಾಣಗಳು ಉರಿದವು,
ಒಳಗಿದ್ದ ಮಣ್ಣೋಲೆಗಳು ಬೆಂದು ಗಟ್ಟಿಯಾದವು ಅಂದೆ.
ಇದು ನನಗೆ ಇಷ್ಟವಾದ ಭಾಗ. ಉತ್ಸಾಹದಲ್ಲೇ ಹೇಳಿದೆ.
ಚೆನ್ನಾಜಮ್ಮ ಬಹಳ ಹೊತ್ತು ಸುಮ್ಮನಿದ್ದರು.
“ಊರೇ ಆವಿಗೆ ಆಯ್ತಾ.”
ಮತ್ತೆ,
“ಒಳಗೆ ಮಕ್ಳಿದ್ವೇನೋ.”

ನನ್ನ ಪುಸ್ತಕದಲ್ಲಿ ಆ ಪ್ರಶ್ನೆಗೆ ಅಡಿಟಿಪ್ಪಣಿ ಇರಲಿಲ್ಲ.
ಬಿದಿಗೆಯ ಚಂದ್ರ ಎದುರು ಮನೆಯ ಹೆಂಚಿನ ಅಂಚಲ್ಲಿ
ಉಗುರು ಕತ್ತರಿಸಿ ಬಿಸುಟ ಹಾಗೆ.
ಒಣಗಲಿಕ್ಕೆ ಅಲ್ಲೇ ಬಿಟ್ಟು ಬಂದೆ.

ಹನ್ನೆರಡು ದಿನಕ್ಕೆ ಮೊಮ್ಮಗ ತಂದುಕೊಟ್ಟ,
ಹಳೆಯ ಪತ್ರಿಕೆಯಲ್ಲಿ ಸುತ್ತಿ.
ಸಿಂಹಗಳ ಜೊತೆ ಬೆಂದು ಕೆಂಪಾಗಿದೆ.
‘ತ್ತೆ’ಯ ಒತ್ತು ಉದುರಿಹೋಗಿದೆ.
ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು.

ಕೆಳಗೆ ಬಲತುದಿಯಲ್ಲಿ
ಒಂದು ಹೆಬ್ಬೆಟ್ಟು, ಗೆರೆಗೆರೆಯಾಗಿ, ಆಳವಾಗಿ.
ಎತ್ತುವಾಗ ತಾಗಿದ್ದೋ,
ಒತ್ತಿದ್ದೋ.